ಪಾಸು ಮಾರ್ಕಿನ ಸಿನಿಮಾ

ಬೇಸಿಗೆ ರಜೆಯಲ್ಲಿ ಮನೆಯ ಯಜಮಾನರು ಯಾರೆಂದು ತಿಳಿಯಲು ರೇಷನ್ ಕಾರ್ಡು ನೋಡಬೇಕಾಗಿಲ್ಲ. ರಿಮೋಟು ಯಾರ ಕೈಯಲ್ಲಿದೆ ಎಂದು ನೋಡಿದರೆ ಸಾಕು. ನಮ್ಮಲ್ಲಿ ಅದು ಮೊಮ್ಮಕ್ಕಳ ಕೈಯಲ್ಲಿ. ಕ್ರಿಕೆಟ್ ಪಂದ್ಯ ಕೊನೆಯ ಓವರಿಗೆ ಬಂದಿತ್ತು, ಬೌಲರ್ ಓಡಿ ಬರುತ್ತಿದ್ದ. ಅಷ್ಟರಲ್ಲಿ ಅವನು ಅಂತರ್ಧಾನನಾಗಿ ಆ ಜಾಗದಲ್ಲಿ ಒಂದು ನಾಯಿ ಪ್ರತ್ಯಕ್ಷವಾಯಿತು. "ಸುಮ್ನೆ ನೋಡು ತಾತ, ಚೆನ್ನಾಗಿದೆ" ಎಂದು ಅಪ್ಪಣೆಯೂ ಆಯಿತು. ಸುಮ್ಮನಾದೆ. ಈ ವಯಸ್ಸಿನಲ್ಲಿ ನನ್ನಿಂದ ಸಲೀಸಾಗಿ ಆಗುವ ಕೆಲಸ ಅದೊಂದೇ.

ಸಿನಿಮಾ 'ದಿ ಸೀಕ್ರೆಟ್ ಲೈಫ್ ಆಫ್ ಪೆಟ್ಸ್', 2016ರದು. ನ್ಯೂಯಾರ್ಕಿನ ಫ್ಲ್ಯಾಟೊಂದರಲ್ಲಿ ಕೇಟಿ ಎಂಬಾಕೆಯ ಮುದ್ದಿನ ಪುಟ್ಟ ನಾಯಿ ಮ್ಯಾಕ್ಸ್. ಒಂದು ದಿನ ಅವಳು ಡ್ಯೂಕ್ ಎಂಬ ಜೂಲುಗೂದಲಿನ ದಡೂತಿಯನ್ನು ಮನೆಗೆ ತರುತ್ತಾಳೆ. ಹೊಟ್ಟೆಕಿಚ್ಚು, ಜಗಳ, ಜಗಳದಲ್ಲಿ ಇಬ್ಬರೂ ಬೀದಿಪಾಲು, ಮನೆ ಸೇರುವ ಹೊತ್ತಿಗೆ ಪ್ರಾಣಸ್ನೇಹಿತರು. ಎಲ್ಲೋ ನೋಡಿದ ಹಾಗಿದೆಯಲ್ಲ ಎನಿಸಿತೇ? 1995ರ 'ಟಾಯ್ ಸ್ಟೋರಿ'ಯಲ್ಲಿ ನೋಡಿದ್ದೀರಿ. ಅಲ್ಲಿ ಹಳೆಯ ಗೊಂಬೆ ವುಡಿ, ಹೊಸ ಗೊಂಬೆ ಬಜ್. ಇಲ್ಲಿ ಹಳೆಯ ನಾಯಿ, ಹೊಸ ನಾಯಿ. ಮನೆಯವರು ಆಚೆ ಹೋದೊಡನೆ ಅಲ್ಲಿ ಗೊಂಬೆಗಳಿಗೆ ಜೀವ, ಇಲ್ಲಿ ಪ್ರಾಣಿಗಳಿಗೆ ಮಾತು. ಹಾಗೆಂದು ದಾಯಾದಿ ಮತ್ಸರದ ಕಥೆಗೆ ಹಕ್ಕು ಕೇಳುತ್ತ ಹೊರಟರೆ, ಮೊದಲು ಕೋರ್ಟಿನ ಮೆಟ್ಟಿಲು ಹತ್ತಬೇಕಾದವರು ವ್ಯಾಸ ಮಹರ್ಷಿಗಳು.

ಪಕ್ಕದ ಮನೆಯಿಂದ ಸಾರಿನ ಪುಡಿ ಕಡ ತಂದರೂ ಒಗ್ಗರಣೆ ನಮ್ಮದೇ ಇರುತ್ತದಷ್ಟೆ. ಈ ಚಿತ್ರದ ಒಗ್ಗರಣೆ ಅದರ ಮೊದಲ ಭಾಗದಲ್ಲಿದೆ. ಬಾಗಿಲಿಗೆ ಬೀಗ ಬಿದ್ದ ಮೇಲೆ ಸಾಕುಪ್ರಾಣಿಗಳು ಏನು ಮಾಡುತ್ತವೆ? ಯಜಮಾನ ಹಚ್ಚಿಟ್ಟು ಹೋದ ಶಾಸ್ತ್ರೀಯ ಸಂಗೀತವನ್ನು ಪೂಡಲ್ ನಾಯಿ ತೆಗೆದುಹಾಕಿ, ಕಿವಿ ಗಡಚಿಕ್ಕುವ ರಾಕ್ ಹಾಕಿಕೊಂಡು ತಲೆ ಕುಣಿಸುತ್ತದೆ. ಗಿಡ್ಡ ಕಾಲಿನ ಉದ್ದ ನಾಯಿ ಹಿಟ್ಟು ಕಲಸುವ ಯಂತ್ರಕ್ಕೆ ಬೆನ್ನೊಡ್ಡಿ ಮಾಲೀಶು ಮಾಡಿಸಿಕೊಳ್ಳುತ್ತದೆ. ಗಿಜೆಟ್ ಎಂಬ ಬಿಳಿ ಪೊಮೆರೇನಿಯನ್ ಸ್ಪ್ಯಾನಿಷ್ ಧಾರಾವಾಹಿಗೆ ಅಂಟಿಕೊಂಡಿದ್ದಾಳೆ. ಕ್ಲೋಯಿ ಎಂಬ ಗುಂಡನೆಯ ಬೆಕ್ಕು ಫ್ರಿಜ್ಜು ತೆಗೆದು, ಒಳಗಿನ ಕೋಳಿ ನೋಡಿ, ಮನಸ್ಸು ಗಟ್ಟಿ ಮಾಡಿಕೊಳ್ಳಲು ಹೆಣಗಿ, ಕೊನೆಗೆ ಸೋಲುತ್ತದೆ. ಆ ಹೊತ್ತಿಗೆ ಮನೆಯವಳು ನನ್ನತ್ತ ಒಮ್ಮೆ ತಿರುಗಿ ನೋಡಿದಳು. ಸಕ್ಕರೆ ಕಾಯಿಲೆಯವನ ಮನೆಯಲ್ಲಿ ಮೈಸೂರು ಪಾಕು ಎಲ್ಲಿಡಬೇಕು ಎಂಬುದು ನಮ್ಮಿಬ್ಬರ ಹಳೆಯ ವ್ಯಾಜ್ಯ. ಬೆಕ್ಕಿನ ಪರವಾಗಿ ನಾನು ಬಾಯಿ ಬಿಡಲಿಲ್ಲ.

ಇಷ್ಟರಲ್ಲೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಸಿನಿಮಾ ಎಂದ ಮೇಲೆ ಓಡಬೇಕು, ಬೀಳಬೇಕು, ಮುಳುಗಬೇಕು. ಚರಂಡಿಯೊಳಗೆ ಮನುಷ್ಯರ ಮೇಲೆ ಹಲ್ಲು ಮಸೆಯುವ, ಮನೆಯಿಂದ ಹೊರದಬ್ಬಿಸಿಕೊಂಡ ಪ್ರಾಣಿಗಳ ದಂಡು. ಅದರ ನಾಯಕ ಸ್ನೋಬಾಲ್ ಎಂಬ ಮೊಲ, ಹಿಂದೆ ಜಾದೂಗಾರನ ಬಳಿ ಇದ್ದವನು. ನೋಡಲು ಹತ್ತಿಯುಂಡೆ, ಬಾಯಿ ಬಿಟ್ಟರೆ ರೌಡಿ. ಮೊಮ್ಮಕ್ಕಳು ಅವನಿಗೆ ಬಿದ್ದು ಬಿದ್ದು ನಕ್ಕರು. ನನಗೆ ಮಾತ್ರ ಬ್ರೂಕ್ಲಿನ್ ಸೇತುವೆಯ ಗಲಾಟೆಯ ಹೊತ್ತಿಗೆ ಕಣ್ಣು ಎಳೆಯುತ್ತಿತ್ತು.

ಅದಕ್ಕೂ ಮುಂಚೆ ಒಂದು ಘಳಿಗೆ ಉಂಟು. ಡ್ಯೂಕ್ ತನ್ನ ಹಳೆಯ ಯಜಮಾನ ಫ್ರೆಡ್ ಎಂಬ ಮುದುಕನ ಮನೆ ಹುಡುಕಿಕೊಂಡು ಹೋಗುತ್ತಾನೆ. ಫ್ರೆಡ್ ತೀರಿಕೊಂಡಿದ್ದಾನೆ ಎಂದು ಆ ಮನೆಯ ಬೆಕ್ಕು ಹೇಳುತ್ತದೆ. ಸಿನಿಮಾ ಅಲ್ಲಿ ಒಂದಿಷ್ಟು ಕೂತು ಸುಧಾರಿಸಿಕೊಳ್ಳಬಹುದಿತ್ತು. ಇಲ್ಲ, ಮತ್ತೆ ಓಟ. ಟಾಯ್ ಸ್ಟೋರಿಯವರಾಗಿದ್ದರೆ ನನ್ನ ಕನ್ನಡಕ ಒರೆಸಿಕೊಳ್ಳುವಂತೆ ಮಾಡಿಯೇ ಬಿಡುತ್ತಿದ್ದರು.

ಇದನ್ನು ತೆಗೆದವರು ಇಲ್ಯುಮಿನೇಷನ್ ಸಂಸ್ಥೆಯವರು, ಹಳದಿ ಮಿನಿಯನ್‌ಗಳನ್ನು ಲೋಕಕ್ಕೆ ಬಿಟ್ಟ ಪುಣ್ಯಾತ್ಮರು. ಸುಮಾರು 7.5 ಕೋಟಿ ಡಾಲರ್ ಸುರಿದು 87 ಕೋಟಿ ಡಾಲರಿಗೂ ಹೆಚ್ಚು ಬಾಚಿಕೊಂಡರು. 2019ರಲ್ಲಿ ಎರಡನೆಯ ಭಾಗವನ್ನೂ ತಂದರು. ಕಡ ತಂದ ಪುಡಿಗೆ ಇಷ್ಟು ಲಾಭವಾಗುವುದಾದರೆ ಸ್ವಂತ ಪುಡಿ ಕುಟ್ಟುವ ಗೋಜಿಗೆ ಯಾರು ಹೋಗುತ್ತಾರೆ, ಹೇಳಿ.

ಆದರೂ ಪಾಸು ಮಾರ್ಕು ಕೊಟ್ಟಿದ್ದೇನೆ. ಸಂಜೆ ಮನೆಯವರು ಒಬ್ಬೊಬ್ಬರಾಗಿ ಬಾಗಿಲು ತೆರೆದು ಒಳಗೆ ಬಂದಾಗ ಆ ಪ್ರಾಣಿಗಳು ಪಡುವ ಸಂಭ್ರಮವನ್ನು ಯಾರಿಂದಲೂ ಕಡ ತಂದಿಲ್ಲ. ನಿಮ್ಮ ಮನೆಯಲ್ಲೂ ಮಕ್ಕಳು ಹಾಕಿದರೆ ಎದ್ದು ಹೋಗಬೇಡಿ. ಆರಂಭಕ್ಕೂ ಮುಕ್ತಾಯಕ್ಕೂ ಎಚ್ಚರವಾಗಿರಿ. ನಡುವೆ ತೂಕಡಿಸಿದರೆ ಚಿಂತೆಯಿಲ್ಲ, ಕಥೆ ನಿಮಗೆ ಮೊದಲೇ ಗೊತ್ತು.