ಶ್ರೀಮದ್ ಹೈಬ್ರಿಡ್ ಟೈರ್ ಅವರ ಸನ್ನಿಧಾನಕ್ಕೊಂದು ಬಹಿರಂಗ ಪತ್ರ

ಡಾಂಬರಿಗೂ ಸೈ, ಮಣ್ಣಿಗೂ ಸೈ ಎಂಬ ಬಿರುದಾಂಕಿತರಾದ ಶ್ರೀಮದ್ ಹೈಬ್ರಿಡ್ ಟೈರ್ ಅವರ ಸನ್ನಿಧಾನಕ್ಕೆ ಮೈಸೂರಿನ ಬಡ ಸೈಕಲ್ ಸವಾರನ ಶಿರಸಾಷ್ಟಾಂಗ ನಮಸ್ಕಾರಗಳು.

ಉಭಯ ಕುಶಲೋಪರಿ ಸಾಂಪ್ರತ. ವಾರವೆಲ್ಲ ಆಫೀಸು, ಭಾನುವಾರ ಶ್ರೀರಂಗಪಟ್ಟಣದ ಕಡೆ ನಾಲೆ ಏರಿ, ಕರಿಘಟ್ಟದ ತಪ್ಪಲು. ಇಷ್ಟಕ್ಕೆ ಎರಡು ಸೈಕಲ್ ಸಾಕುವ ಯೋಗ್ಯತೆ ಇವನಿಗಿಲ್ಲವೆಂದು ಮನಗಂಡು, ತಾವೇ ಒಂದೇ ದೇಹದಲ್ಲಿ ಎರಡು ಅವತಾರ ಎತ್ತಿ ಬಂದಿರಿ. ಈ ಕೃಪೆಯನ್ನು ಎಷ್ಟು ಕೊಂಡಾಡಿದರೂ ಸಾಲದು. ಆದರೂ ಅಪ್ಪಣೆಯಾದರೆ ಕೊಂಚ ಬಿನ್ನವತ್ತಳೆ ಇದೆ.

ಮೊದಲಿಗೆ ತಮ್ಮ ನಾಮಾವಳಿ. ಪಕ್ಕೆಯ ಮೇಲೆ ಒಂದೇ ಸಾಲಿನಲ್ಲಿ 700×38ಸಿ, 28×1.50, 40-622 ಎಂದು ಬರೆಸಿಕೊಂಡಿದ್ದೀರಿ. ಕೆಲಸಕ್ಕೆ ಬರುವುದು ಕೊನೆಯದೊಂದೇ: 40 ಮಿಲಿಮೀಟರ್ ಅಗಲ, 622 ಮಿಲಿಮೀಟರ್ ರಿಮ್ಮಿನ ಮೇಲೆ ಕೂರುವ ಅಂಚಿನ ವ್ಯಾಸ. ಅದನ್ನೇ ಕನ್ನಡಕಕ್ಕೂ ಕಾಣದಷ್ಟು ಸಣ್ಣದಾಗಿ ಅಚ್ಚು ಹಾಕಿಸಿದ ತಮ್ಮ ವಿನಯ ದೊಡ್ಡದು. ಗೊತ್ತಿಲ್ಲದವನು ಅಂಗಡಿಗೆ ಹೋಗಿ ‘28 ಇಂಚು ಕೊಡಿ’ ಎಂದರೆ, ಹಾಲಿನವರ ಹಳೇ ಸೈಕಲ್ಲಿನ 28×1½ ಕೈಗೆ ಬರುತ್ತದೆ. ಅದರ ವ್ಯಾಸ 635. ಅಪ್ಪನ ಚಪ್ಪಲಿ ಮಗನ ಕಾಲಿಗೆ ಹಾಕಿದ ಹಾಗೆ ಲೊಡಲೊಡ. ಇನ್ನು 29 ಇಂಚು ಎನ್ನುವ ಮೌಂಟನ್ ಬೈಕ್ ಟೈರಿನದು ಮತ್ತೆ ಅದೇ 622! ಅಂದರೆ 28ಕ್ಕೆ 29 ಸಮ, 28ಕ್ಕೆ 28 ಸಮವಲ್ಲ. ನಮ್ಮ ಮಗ್ಗಿ ಪುಸ್ತಕದಲ್ಲಿ ಇದನ್ನು ಸೇರಿಸದೆ ಬಿಟ್ಟದ್ದು ಮೇಷ್ಟ್ರುಗಳ ತಪ್ಪೇ ಇರಬೇಕು.

ತಮ್ಮ ಮೈಮೇಲಿನ ಅಲಂಕಾರಕ್ಕೆ ದೃಷ್ಟಿ ತಾಕದಿರಲಿ. ನಡುವೆ ನುಣುಪಾದ ಪಟ್ಟಿ, ಎರಡೂ ಅಂಚಿಗೆ ಬಟನ್. ಡಾಂಬರಿನಲ್ಲಿ ಪಟ್ಟಿ ಓಡುತ್ತದೆ, ಮಣ್ಣಿನಲ್ಲಿ ಬಟನ್ ಕಚ್ಚುತ್ತದೆ ಎಂಬುದು ತಾವು ಕೊಟ್ಟ ಅಭಯ. ಆದರೆ ನೆಟ್ಟಗೆ ಹೋಗುವಾಗ ಬಟನ್ ನೆಲವನ್ನೇ ಮುಟ್ಟುವುದಿಲ್ಲ. ತಿರುವಿನಲ್ಲಿ ವಾಲಿದಾಗ ಮುಟ್ಟುತ್ತದೆ, ಅದೂ ಡಾಂಬರಿನ ತಿರುವಿನಲ್ಲಿ, ಜೀವ ಝಲ್ಲೆನ್ನುವ ಹಾಗೆ. ಮಳೆ ಬಿದ್ದ ನಾಲೆ ಏರಿಯಲ್ಲಂತೂ ಬಟನ್ ಸಂದಿಗೆಲ್ಲ ಕೆಮ್ಮಣ್ಣು ಮೆತ್ತಿ, ಇಡೀ ಟೈರು ಜಾರುಗುಪ್ಪೆಯಾಗುತ್ತದೆ. ನಾನು ಏರಿಗೆ ಎಳೆದರೆ ತಾವು ನೀರಿಗೆ ಎಳೆಯುತ್ತೀರಿ. ಇನ್ನು ಮಳೆನೀರು ಹರಿದುಹೋಗಲೆಂದು ಕೊರೆಸಿಕೊಂಡ ಆ ಗೀರುಗಳು! ಸೈಕಲ್ ಟೈರು ಕಾರಿನದರಷ್ಟು ಅಗಲವಿಲ್ಲ, ಒತ್ತಡ ಅದಕ್ಕಿಂತ ಹೆಚ್ಚು. ಆಫೀಸಿಗೆ ಹೋಗುವ ವೇಗದಲ್ಲಿ ನೀರು ತಾನೇ ಅಂಚಿಗೆ ಸರಿದುಕೊಳ್ಳುತ್ತದೆ. ಗೀರು ಬರೀ ಒಡವೆ. ಇರಲಿ, ಒಡವೆ ಯಾರಿಗೆ ಬೇಡ?

ಕೋಪಿಸಿಕೊಳ್ಳಬಾರದು, ಒಂದು ಗುಟ್ಟು ಹೊರಹಾಕುತ್ತಿದ್ದೇನೆ. ತಾವು ಇಷ್ಟು ವರ್ಷ ಹೊತ್ತು ಮೆರೆಸಿದ ಕೀರ್ತಿ ತಮ್ಮದಲ್ಲ, ಒಳಗಿನ ಗಾಳಿಯದು. ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ 1888ರಲ್ಲಿ ಗಾಳಿ ಟೈರಿಗೆ ಪೇಟೆಂಟ್ ಪಡೆದದ್ದೂ ಮಗನ ಮೂರು ಗಾಲಿ ಸೈಕಲ್ಲಿನ ಕುಲುಕಾಟ ತಪ್ಪಿಸಲು ಹೊರಟೇ. ಬಟನ್ ಜೋಡಿಸಲು ಅಲ್ಲ. ತಮ್ಮ ಪಕ್ಕೆಯಲ್ಲಿ ಗಾಳಿಯ ಒತ್ತಡ 50–75 ಪಿಎಸ್‌ಐ ಎಂದಿದೆ. ಪಂಕ್ಚರ್ ಅಂಗಡಿಯಾತನಿಗೆ ಕಾಣುವುದು 75 ಮಾತ್ರ. ‘ಸಾರ್, ಕಲ್ಲಿದ್ದಂಗೆ ಹೊಡ್ದಿದೀನಿ’ ಎಂದು ಹೆಬ್ಬೆರಳಲ್ಲಿ ಒತ್ತಿ ತೋರಿಸುತ್ತಾನೆ. ಆ ಕಲ್ಲಿನ ಮೇಲೆ ಕೂತು ಕರಿಘಟ್ಟದ ಜಲ್ಲಿಯಲ್ಲಿ ಹೋದರೆ ಹಲ್ಲುಗಳು ತಾಳ ಹಾಕುತ್ತವೆ. ಅದನ್ನೇ 50ಕ್ಕೆ ಇಳಿಸಿದರೆ ತಾವು ತುಸು ಮೆತ್ತಗಾಗಿ, ನೆಲ ಹಿಡಿದು, ಹೈಬ್ರಿಡ್ ಎಂಬ ಹೆಸರಿಗೆ ತಕ್ಕ ಹಾಗೆ ನಡೆಯುತ್ತೀರಿ. ಅದಕ್ಕೂ ಕೆಳಗಿಳಿಸಿದರೆ ಮೊದಲ ಚೂಪುಗಲ್ಲಿಗೇ ಟ್ಯೂಬು ರಿಮ್ಮಿಗೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು. ಭಾನುವಾರ ಬೆಳಗ್ಗೆ ಗಾಳಿ ಇಳಿಸು, ಸೋಮವಾರ ಬೆಳಗ್ಗೆ ಪಂಪು ಹಿಡಿದು ಏರಿಸು. ಎರಡು ಅವತಾರವನ್ನೂ ನಾನೇ ಎತ್ತಿಸುತ್ತಿದ್ದೇನೆ. ಹಣ ಮಾತ್ರ ತಾವು ಪಡೆದಿರಿ.

ಪಂಕ್ಚರ್ ನಿರೋಧಕ ಪದರದ ಬಗ್ಗೆ ದೂರಿಲ್ಲ. ಗಾಜಿನ ಚೂರನ್ನು ಅದು ತಡೆದದ್ದುಂಟು. ನೆಗ್ಗಿಲು ಮುಳ್ಳಿಗೆ ಮಾತ್ರ ತಾವು ಬಾಗಿಲು ತೆರೆದು ಬರಮಾಡಿಕೊಳ್ಳುತ್ತೀರಿ. ಬಾನಿಯ ನೀರಲ್ಲಿ ಟ್ಯೂಬು ಮುಳುಗಿಸಿ, ಗುಳ್ಳೆ ಎದ್ದಲ್ಲಿ ಉಜ್ಜಿ, ಸಲ್ಯೂಷನ್ ಬಳಿದು ಪ್ಯಾಚ್ ಹಾಕಿಸಿಕೊಂಡು ಬಂದರೆ, ಮುಳ್ಳಿನ ಮುರಿದ ತುದಿ ಇನ್ನೂ ತಮ್ಮ ಒಡಲಲ್ಲೇ ಕೂತು ಮಾರನೆಯ ದಿನಕ್ಕೆ ಕಾಯುತ್ತಿರುತ್ತದೆ. ಈಗೀಗ ಒಳಮೈಯನ್ನು ಹತ್ತಿಯಿಂದ ಸವರಿ, ಎಳೆ ಸಿಕ್ಕಿಕೊಂಡಲ್ಲಿ ಚಿಮುಟದಿಂದ ಕೀಳುತ್ತೇನೆ. ಇದನ್ನೂ ತಮ್ಮ ಪಾದಸೇವೆ ಎಂದೇ ಭಾವಿಸಬೇಕು.

ಕಡೆಯದಾಗಿ ಒಂದು ಕೋರಿಕೆ. ಮುಂದಿನ ಬಾರಿ ಹಿಂದಿನ ಚಕ್ರಕ್ಕೆ ನುಣುಪು ಮೈಯ ತಮ್ಮ ದಾಯಾದಿಯನ್ನೂ ಮುಂದಿನದಕ್ಕೆ ಬಟನ್ ತುಂಬಿದ ಇನ್ನೊಬ್ಬರನ್ನೂ ಕರೆಸುವವನಿದ್ದೇನೆ. ಹೆಚ್ಚು ಭಾರ ಹೊತ್ತು ಬೇಗ ಸವೆಯುವುದು ಹಿಂದಿನದು. ಜಾರಿದರೆ ಸವಾರನನ್ನು ಕೆಡವುವುದು ಮುಂದಿನದು. ತಮ್ಮ ಜಾಗಕ್ಕೆ ಇಬ್ಬರನ್ನು ನೇಮಿಸುತ್ತಿರುವುದನ್ನು ಬಡ್ತಿ ಎಂದೇ ತಿಳಿಯಬೇಕಾಗಿ ವಿನಂತಿ.

ಇಂತಿ ತಮ್ಮ ವಿಧೇಯ,
ಪಂಪುಧಾರಿ

ತಾ.ಕ.: 42ರ ಅಗಲದವರನ್ನು ಕಳಿಸುವುದಾದರೆ, ನನ್ನ ಮಡ್‌ಗಾರ್ಡ್‌ನವರ ಒಪ್ಪಿಗೆಯನ್ನೂ ತಾವೇ ಪಡೆದುಕೊಳ್ಳಬೇಕು. ಈಗಲೇ ತಮಗೂ ಅವರಿಗೂ ಉಜ್ಜಾಟ ನಡೆದಿದೆ.