ಜಾಲಿಯ ನೊಣಗಳಿಗೆ ಊಟದ ಕೈಪಿಡಿ

ಮಾನ್ಯ ನೊಣವೇ, ರೆಕ್ಕೆ ಒಣಗಿತೇ? ಹಾಗಾದರೆ ಓದಿಕೊಳ್ಳಿ. ಭಟ್ಕಳದ ಮಗ್ಗುಲಿನ ಈ ಕಡಲೂರಿನಲ್ಲಿ ನಿಮ್ಮ ಪೈಕಿ ಯಾರೂ ಹಸಿದು ಸಾಯುವುದಿಲ್ಲ. ಆದರೆ ಉಣ್ಣುವುದಕ್ಕೂ ಒಂದು ಕ್ರಮವಿದೆ.

ಮೊದಲು ಗಾಳಿಗೆ ಎದುರಾಗಿ ಹಾರಿ. ವಾಸನೆ ಹಿಡಿಯುವ ಕೆಲಸ ಕುಡಿಮೀಸೆಯದು. ಭಟ್ಕಳ ಮಲ್ಲಿಗೆಯ ಪರಿಮಳಕ್ಕೆ ಮರುಳಾಗಬೇಡಿ, ಅದು ಮುಡಿಯುವವರಿಗೆ. ಕೆಡಲು ಶುರುವಾದ ಮೀನಿನಿಂದ ಏಳುವ ಅಮೋನಿಯಾದಂಥ ಅನಿಲವೇ ನಿಮ್ಮ ಪಾಲಿನ ಕರೆಯೋಲೆ.

ಇಳಿದ ಕೂಡಲೇ ಬಾಯಿ ಹಾಕಬೇಡಿ, ಕಾಲಿಡಿ. ರುಚಿ ತಿಳಿಯುವ ರೋಮಗಳು ನಿಮ್ಮ ಪಾದದಲ್ಲೂ ಇವೆ. ಅವಕ್ಕೆ ಸಕ್ಕರೆ ನೀರು ತಾಗಿತೆಂದರೆ ಮಡಚಿಟ್ಟ ಸೊಂಡಿಲು ನಿಮ್ಮನ್ನೊಂದು ಮಾತೂ ಕೇಳದೆ ಚಾಚಿಕೊಳ್ಳುತ್ತದೆ. ಗಟ್ಟಿ ಬೆಲ್ಲ ಸಿಕ್ಕರೆ ಉಗುಳಿ, ಕರಗಿಸಿ, ಹೀರಿ. ಅಗಿಯಲು ನಿಮಗೆ ಹಲ್ಲಿಲ್ಲ. ನೋಡಿದವರು ಅಸಹ್ಯಪಡುತ್ತಾರೆ. ಪಡಲಿ, ಅವರೂ ಚಪ್ಪರಿಸಿಯೇ ತಿನ್ನುವವರು.

ಒಣಹಾಕಿದ ಬಂಗಡೆಯ ವಿಷಯದಲ್ಲಿ ಅವಸರ ಮಾಡಿ. ಉಪ್ಪು ಹಾಕಲು ಕೈ ಹಿಡಿದವರ ಮೀನು, ಅದೂ ಮೋಡ ಕವಿದು ಸರಿಯಾಗಿ ಆರದ ದಿನ, ಮೊಟ್ಟೆಯಿಡಲು ಪ್ರಶಸ್ತ. ಉಪ್ಪು ಧಾರಾಳವಾಗಿ ಬಿದ್ದಿದ್ದರೆ ಮರುಮಾತಿಲ್ಲದೆ ಎದ್ದುಬಿಡಿ. ಪೂರ್ತಿ ಒಣಗಿದ ಮೀನು ಕೊರೆಯುವ ದುಂಬಿಗಳ ಹಕ್ಕು, ಅಲ್ಲಿ ತಕರಾರು ಬೇಡ.

ಹಿತ್ತಿಲ ಕರಿಬೇವಿನ ಎಲೆಗೆ ಮುಂಗಾಲಿನಿಂದ ಪಟಪಟ ಬಡಿಯುವ ಕಪ್ಪು ಚಿಟ್ಟೆಯನ್ನು ನೋಡಿದ್ದೀರಾ? ಎಲೆಯ ರುಚಿ ನೋಡುವುದು ತನಗಾಗಿ ಅಲ್ಲ, ಹುಟ್ಟಲಿರುವ ಹುಳುಗಳಿಗಾಗಿ. ಆಕೆಗೆ ಈ ಕೈಪಿಡಿ ಬೇಡ.

ಬೇಕಾದದ್ದು ಮಾವಿನ ಹಣ್ಣುನೊಣದ ಗಂಡುಗಳಿಗೆ. ನಿಮ್ಮ ದೌರ್ಬಲ್ಯ ಬಯಲಾಗಿ ಶತಮಾನ ದಾಟಿತು. ಬಿಹಾರದ ಪೂಸಾದಲ್ಲಿದ್ದ ಕೀಟತಜ್ಞ ಎಫ್. ಎಂ. ಹೌಲೆಟ್, ಸಿಟ್ರೊನೆಲ್ಲಾ ಎಣ್ಣೆಗೆ ನಿಮ್ಮವರು ಮುತ್ತುವುದನ್ನು 1912ರಲ್ಲೇ ಬರೆದಿಟ್ಟರು. ಬಳಿಕ ಮೀಥೈಲ್ ಯೂಜಿನಾಲ್ ಎಂಬ ಅಸಲಿ ಆಮಿಷವೂ ಸಿಕ್ಕಿತು. ತುಳಸಿಯಲ್ಲೂ ಅದಿದೆ. ನೀವು ಅದನ್ನು ನೆಕ್ಕುವುದು ಹೊಟ್ಟೆಗಾಗಿ ಅಲ್ಲ, ಹೆಣ್ಣನ್ನು ಸೆಳೆಯುವ ಗಂಧ ಕೂಡಿಸಿಕೊಳ್ಳಲು. ಈಗ ತೋಟದವರು ಅದನ್ನು ಕೀಟನಾಶಕದ ಜೊತೆ ಮರದ ತುಂಡಿಗೆ ಉಣಿಸಿ, ಡಬ್ಬಿಯೊಳಗಿಟ್ಟು ಕೊಂಬೆಗೆ ತೂಗುಹಾಕುತ್ತಾರೆ. ಹೂವಿಲ್ಲದೆ ಘಮ ಬಂದರೆ ಅನುಮಾನಿಸಿ.

ಹೆಣ್ಣುನೊಣಗಳು ಆ ಡಬ್ಬಿಯತ್ತ ಸುಳಿಯುವುದಿಲ್ಲ, ನೇರ ಕಾಯಿಗೇ ಚುಚ್ಚುತ್ತವೆ. ಅವಕ್ಕೆ ಒಂದೇ ಸೂಚನೆ: ಉದುರಿದ ಹಣ್ಣನ್ನು ದಿನವೂ ಹೆಕ್ಕಿ ಆಳವಾಗಿ ಹೂಳುವವರ ತೋಟದಲ್ಲಿ ಸಂಸಾರ ಹೂಡಬೇಡಿ.