ಇಂಗ್ಲಿಷಿನ ಐವತ್ತು ಅಂಕದ ಸಾಹೇಬರಿಗೆ, ಸಾಕಿನಾಕಾದ ಹೋಟೆಲಿನಿಂದ

ಪ್ರಶ್ನೆಪತ್ರಿಕೆ ತೆಗೆಯುವ ಮಾನ್ಯ ಸಾಹೇಬರಿಗೆ,

ಮುಂಬಯಿ ಸಾಕಿನಾಕಾದ ಹೋಟೆಲೊಂದರ ಗಲ್ಲಾದಲ್ಲಿ ಕೂತವನ ನಮಸ್ಕಾರಗಳು. ತಮ್ಮ ಹೆಸರು ನನಗೆ ಗೊತ್ತಿಲ್ಲ. ಗೊತ್ತಾಗಲೂಬಾರದು, ಅದು ಗೋಪ್ಯ ಎಂದು ನನ್ನ ತಂಗಿಯ ಮಗ ಹೇಳಿದ. ಹಾಗಾಗಿ ಎಲ್ಲರ ಎದುರೇ ಬರೆಯುತ್ತಿದ್ದೇನೆ, ಯಾರಾದರೂ ನಿಮಗೆ ಮುಟ್ಟಿಸಿಯಾರು. ಮುಟ್ಟಿದರೂ ಓದುತ್ತೀರೋ ಇಲ್ಲವೋ. ಪತ್ರ ಕನ್ನಡದಲ್ಲಿದೆ, ಕೊನೆಯಲ್ಲಿ ಆಯ್ಕೆಗಳನ್ನೂ ಕೊಟ್ಟಿಲ್ಲ.

ಮೊದಲು ಉಪಕಾರ ಸ್ಮರಣೆ. ಮಹಾರಾಷ್ಟ್ರದ ಎಂಬಿಎ ಸಿಇಟಿಯಲ್ಲಿ 200 ಪ್ರಶ್ನೆ, 150 ನಿಮಿಷ. ಅದರಲ್ಲಿ 50 ಪ್ರಶ್ನೆ ತಮ್ಮ ಖಾತೆಯದ್ದು: ಪ್ಯಾಸೇಜು ಓದಿ ಉತ್ತರಿಸುವುದು, ಸಮಾನಾರ್ಥಕ, ವಿರುದ್ಧಾರ್ಥಕ, ವಾಕ್ಯದ ತಪ್ಪು ಹುಡುಕುವುದು, ಬಿಟ್ಟ ಸ್ಥಳ ತುಂಬುವುದು. ಬಿಲ್ಲು ಪುಸ್ತಕದ ಹಿಂದೆ ಭಾಗಿಸಿ ನೋಡಿದೆ, ಪ್ರಶ್ನೆಗೆ 45 ಸೆಕೆಂಡು. ನಮ್ಮಲ್ಲಿ ಮಸಾಲೆದೋಸೆ ಕಾವಲಿಯಿಂದ ಏಳುವುದಕ್ಕೂ ಅದಕ್ಕಿಂತ ಹೊತ್ತು ಬೇಕು. ಅಷ್ಟರೊಳಗೆ ಒಬ್ಬ ಮನುಷ್ಯನಿಗೆ ಓದಲು ಬರುತ್ತದೋ ಇಲ್ಲವೋ ಎಂದು ಪತ್ತೆ ಹಚ್ಚುವುದು ಸಣ್ಣ ವಿದ್ಯೆಯಲ್ಲ. ನಾನು ಒಬ್ಬ ವೈಟರ್ ಹುಡುಗನನ್ನು ಇಟ್ಟುಕೊಳ್ಳುವಾಗಲೂ ಎರಡು ದಿನ ನೋಡಿ ಆಮೇಲೆ ಹೇಳುತ್ತೇನೆ.

ಇನ್ನೂ ದೊಡ್ಡ ಉಪಕಾರವೆಂದರೆ ತಪ್ಪು ಉತ್ತರಕ್ಕೆ ನೀವು ಅಂಕ ಕಡಿಯುವುದಿಲ್ಲ. ಕೊಟ್ಟ ಆಯ್ಕೆಗಳಲ್ಲಿ ಒಂದು ಸರಿ. ಹಾಗಾದರೆ ಕಣ್ಣು ಮುಚ್ಚಿ ಐವತ್ತಕ್ಕೂ ಗುಂಡಿ ಒತ್ತಿದವನಿಗೆ ಸರಾಸರಿ ಹತ್ತಕ್ಕೆ ಕಡಿಮೆಯಿಲ್ಲದ ಅಂಕ ಬಂತು. ಓದಲು ಬಾರದವನಿಗೂ ಓದಿನ ಪರೀಕ್ಷೆಯಲ್ಲಿ ಒಂದು ಪಾಲು! ಇಂಥ ಔದಾರ್ಯ ಕ್ಯಾಟ್ ಪ್ರವೇಶ ಪರೀಕ್ಷೆ ನಡೆಸುವವರಿಗೆ ಇಲ್ಲ. 2024ರ ಕ್ಯಾಟಿನಲ್ಲಿ 68 ಪ್ರಶ್ನೆಗಳ ಪೈಕಿ 24 ಇಂಗ್ಲಿಷಿನವು, ಅವಕ್ಕೆ 40 ನಿಮಿಷ, ಆಯ್ಕೆಯ ಪ್ರಶ್ನೆಯಲ್ಲಿ ತಪ್ಪು ಒತ್ತಿದರೆ ಒಂದಂಕ ಖೋತಾ. ಅದೂ ಪರೀಕ್ಷೆ ಭಾನುವಾರ. ಮುಂಬಯಿಯಲ್ಲಿ ಭಾನುವಾರವೆಂದರೆ ದುರಸ್ತಿಗೆಂದು ರೈಲು ನಿಲ್ಲಿಸುವ ಮೆಗಾ ಬ್ಲಾಕ್. ಸೆಂಟರಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿದವನಿಗೇ ಮ್ಯಾನೇಜ್‌ಮೆಂಟಿನ ಸೀಟು ಕೊಟ್ಟುಬಿಡಬಹುದಿತ್ತು. ಇರಲಿ, ಅದು ಅವರ ವಿಷಯ.

ನನ್ನ ಸೋದರಳಿಯನ ಸಂಗತಿಗೆ ಬರುತ್ತೇನೆ. ಡೊಂಬಿವಲಿಯಲ್ಲಿ ಮನೆ, ಬಿ.ಕಾಂ. ಮುಗಿದಿದೆ, ಸಿಇಟಿಗೆ ಕೂರುತ್ತಾನೆ. ಘಾಟ್‌ಕೋಪರಿನ ಕೋಚಿಂಗ್ ಕ್ಲಾಸು ಮುಗಿಸಿ ಮೆಟ್ರೋ ಹತ್ತಿ ನನ್ನಲ್ಲಿಗೆ ಬಂದು, ಸಂಜೆಯ ಗಿರಾಕಿಗಳು ಶುರುವಾಗುವ ತನಕ ಮೂಲೆಯ ಟೇಬಲಿನಲ್ಲಿ ಮಾದರಿ ಪ್ರಶ್ನೆಪತ್ರಿಕೆ ಬಿಡಿಸುವುದು ಅವನ ರೂಢಿ. ಒಂದು ದಿನ ನಾನೂ ಪಕ್ಕದಲ್ಲಿ ಕೂತೆ. ನನ್ನ ಇಂಗ್ಲಿಷ್ ರಾತ್ರಿ ಶಾಲೆಯದ್ದು. ಹಗಲಿಡೀ ಟೇಬಲು ಒರೆಸಿ, ರಾತ್ರಿ ಬೆಂಚಿನ ಮೇಲೆ ತೂಕಡಿಸುತ್ತ ಕಲಿತದ್ದು. ನಿಧಾನ, ಆದರೆ ಬಿಡುವುದಿಲ್ಲ. ಪ್ಯಾಸೇಜು ಹಾಲೆಂಡಿನ ಟುಲಿಪ್ ವ್ಯಾಪಾರದ ಮೇಲಿತ್ತು. ಹೂವಿನ ಗೆಡ್ಡೆಗೆ ಮನೆಯ ಕ್ರಯ ಬಂದದ್ದು, ಗೆಡ್ಡೆ ಇನ್ನೂ ಮಣ್ಣಿನಲ್ಲಿರುವಾಗಲೇ ಕಾಗದದ ಮೇಲೆ ಕೈಯಿಂದ ಕೈಗೆ ಮಾರಾಟವಾದದ್ದು, 1637ರ ಫೆಬ್ರವರಿಯಲ್ಲಿ ಒಮ್ಮೆಲೇ ಕೊಳ್ಳುವವರು ಕಾಣೆಯಾದದ್ದು. ನನಗೆ ಮೈ ಜುಮ್ಮೆಂದಿತು. ವ್ಯಾಪಾರ ಮಾಡುವವನಿಗೆ ಅಂಥ ಕಥೆ ಬೇಗ ತಾಗುತ್ತದೆ.

“ಸಾಲ ಮಾಡಿ ಗೆಡ್ಡೆ ಕೊಂಡವರು ಆಮೇಲೆ ಏನು ಮಾಡಿದರಂತೋ?” ಎಂದು ಕೇಳಿದೆ.

“ಯಾವ ಗೆಡ್ಡೆ, ಮಾವ?”

ಅವ ಅಷ್ಟರಲ್ಲಿ ಆ ಪ್ಯಾಸೇಜಿನ ನಾಲ್ಕೂ ಪ್ರಶ್ನೆ ಮುಗಿಸಿ ಮುಂದಿನದಕ್ಕೆ ಹೋಗಿಯಾಗಿತ್ತು. ಉತ್ತರ ನೋಡಿದರೆ ಮೂರು ಸರಿ. “ಪ್ಯಾಸೇಜು ಯಾರು ಓದುತ್ತಾರೆ ಮಾವ? ಮೊದಲು ಪ್ರಶ್ನೆ ನೋಡಬೇಕು. ಅದರಲ್ಲಿರುವ ಶಬ್ದ ಪ್ಯಾಸೇಜಿನಲ್ಲಿ ಎಲ್ಲಿದೆ ಅಂತ ಹುಡುಕಬೇಕು. ಆ ಸಾಲು, ಹಿಂದಿನದೊಂದು, ಮುಂದಿನದೊಂದು. ಅಷ್ಟೇ. ಪೂರ್ತಿ ಓದಿದವರು ಹಿಂದೆ ಬೀಳುತ್ತಾರೆ ಅಂತ ಕ್ಲಾಸಿನಲ್ಲಿ ಸರ್ ಹೇಳಿದ್ದಾರೆ.” ನಾನು ಅದೇ ನಾಲ್ಕರಲ್ಲಿ ಎರಡು ತಪ್ಪು ಮಾಡಿದೆ, ಹೊತ್ತೂ ಮೀರಿತ್ತು. ಓದಿದವ ನಾಪಾಸು, ಓದದವ ಪಾಸು. ಸರ್ ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಅವರು ನಿಮ್ಮನ್ನು ಸರಿಯಾಗಿಯೇ ಓದಿಕೊಂಡಿದ್ದಾರೆ. ಅದಕ್ಕೇ ಅವರ ಫೀಸು ಅಷ್ಟು.

ಇನ್ನು ಶಬ್ದಭಂಡಾರ. ಮಾಟುಂಗಾದ ಕಿಂಗ್ಸ್ ಸರ್ಕಲಿನ ಫುಟ್‌ಪಾತಿಗೆ ತಾವು ಹೋಗಿರಬಹುದು. ಒಂದು ಮಗ್ಗುಲಿನಲ್ಲಿ ನಮ್ಮವರ ಇಡ್ಲಿಯ ಹಬೆ, ಇನ್ನೊಂದು ಮಗ್ಗುಲಿನಲ್ಲಿ ಹಳೇ ಪುಸ್ತಕದ ರಾಶಿ. ಅಳಿಯ ಅಲ್ಲಿಂದ ನಾರ್ಮನ್ ಲೂಯಿಸರ ‘ವರ್ಡ್ ಪವರ್ ಮೇಡ್ ಈಸಿ’ ತಂದ. 1949ರ ಪುಸ್ತಕ, ಇಂದಿಗೂ ಸಿಗ್ನಲ್ಲುಗಳಲ್ಲಿ ಕಾರಿನ ಕಿಟಕಿಗೆ ತೋರಿಸಿ ಮಾರುತ್ತಾರೆ. ಜೊತೆಗೆ ಜಿಆರ್‌ಇಗೆಂದು ಮಾಡಿದ ದಪ್ಪನೆಯ ಶಬ್ದಪಟ್ಟಿ. ಆ ಪಟ್ಟಿಯ ಪುಟಗಳನ್ನು ತಿರುವಿದೆ. ಮೊದಲಿನ ‘ಎ’, ‘ಬಿ’ ಪುಟಗಳಲ್ಲಿ ಸಾಲು ಸಾಲಿಗೆ ಪೆನ್ಸಿಲ್ ಗೆರೆ, ಅಂಚಿನಲ್ಲಿ ಗುಜರಾತಿಯಲ್ಲಿ ಅರ್ಥ. ಅದರ ಮೇಲೆಯೇ ಇನ್ನೊಬ್ಬನ ನೀಲಿ ಪೆನ್ನು, ಮರಾಠಿಯಲ್ಲಿ. ‘ಸಿ’ ಅರ್ಧಕ್ಕೆ ಬರುವಾಗ ಇಬ್ಬರೂ ನಿಂತಿದ್ದಾರೆ. ಅಲ್ಲಿಂದ ಮುಂದೆ ಪುಸ್ತಕ ಹೊಸದು. ಇಷ್ಟಕ್ಕೂ ಅಮೆರಿಕದ ಜಿಆರ್‌ಇಯವರು ವಿರುದ್ಧಾರ್ಥಕದ ಪ್ರಶ್ನೆಯನ್ನು 2011ರಲ್ಲೇ ಕೈಬಿಟ್ಟರಂತೆ, ಬಿಡಿಬಿಡಿ ಶಬ್ದ ಉರು ಹೊಡೆದರೆ ಓದು ಬಂದ ಹಾಗಲ್ಲ ಎಂದು. ಅವರು ಬಿಟ್ಟ ಮೇಲೆ ಆ ಪಟ್ಟಿಗಳು ಎಲ್ಲಿಗೆ ಹೋಗಬೇಕು? ಮುಂಬಯಿ ಬಂದವರನ್ನು ಯಾವತ್ತೂ ವಾಪಸು ಕಳಿಸಿದ ಊರಲ್ಲ. ಫುಟ್‌ಪಾತು ಕೊಟ್ಟಿತು, ತಾವು ಪರೀಕ್ಷೆಯಲ್ಲಿ ಕೆಲಸ ಕೊಟ್ಟಿರಿ.

ತಮ್ಮ ಕಸುಬು ಹಳೆಯದೆಂದು ಬಲ್ಲೆ. 1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಆದಂದಿನಿಂದ ಅದರ ಬಾಗಿಲಲ್ಲಿ ಇಂಗ್ಲಿಷ್ ನಿಂತಿದೆ. 1859ರ ಮೊದಲ ಮೆಟ್ರಿಕ್ಯುಲೇಷನ್ನಿನಲ್ಲಿ ಪಾಸಾದ ಕೆಲವೇ ಮಂದಿಯಲ್ಲಿ ಮಹಾದೇವ ಗೋವಿಂದ ರಾನಡೆಯವರೂ ರಾ. ಗೋ. ಭಾಂಡಾರಕರರೂ ಇದ್ದರು. ಆ ರಾನಡೆಯವರೇ ತಮ್ಮ ಕೊನೆಯ ವರ್ಷಗಳಲ್ಲಿ, ಅದೇ ವಿಶ್ವವಿದ್ಯಾಲಯದ ಉನ್ನತ ಪರೀಕ್ಷೆಗಳಲ್ಲಿ ದೇಶಭಾಷೆಗಳಿಗೆ ಒಂದಿಷ್ಟು ಜಾಗ ಕೊಡಿ ಎಂದು ಒದ್ದಾಡಿದರು. ಈಗ ಕಲೀನಾದಲ್ಲಿ ನಮ್ಮ ಕನ್ನಡ ವಿಭಾಗವೇ ಇದೆ. ಅಲ್ಲಿ ಎಂ.ಎ. ಮಾಡಿ, ಪಂಪನ ಮೇಲೆ ಸಂಶೋಧನೆ ಮಾಡುತ್ತೇನೆಂದು ಯಾರಾದರೂ ಯುಜಿಸಿ ನೆಟ್‌ಗೆ ಕೂತರೆ, ಮೊದಲ ಪತ್ರಿಕೆಯ 50 ಪ್ರಶ್ನೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಅದರಲ್ಲೂ ಒಂದು ಪ್ಯಾಸೇಜು ಉಂಟು. ಪಂಪನಿಗೆ ಈ ವ್ಯವಸ್ಥೆ ಗೊತ್ತಿರಲಿಲ್ಲ, ಪುಣ್ಯವಂತ.

ಇಷ್ಟು ಹೇಳಿದೆನೆಂದು ಇಂಗ್ಲಿಷ್ ಕಿತ್ತುಹಾಕಿ ಎನ್ನುವವನು ನಾನು ಎಂದು ತಿಳಿಯಬೇಡಿ. ಅದನ್ನು ನಮ್ಮ ಸಂಘಗಳ ವಾರ್ಷಿಕೋತ್ಸವದ ವೇದಿಕೆಗೆ ಬಿಟ್ಟಿದ್ದೇನೆ. ಅಲ್ಲಿ ಮಾತೃಭಾಷೆಯ ಮೇಲೆ ಕಣ್ಣೀರು ಹಾಕಿದವರ ಮಕ್ಕಳು ಸಭಾಂಗಣದ ಹೊರಗೆ ಇಂಗ್ಲಿಷಿನಲ್ಲಿ ಜಗಳ ಆಡುತ್ತಿರುತ್ತಾರೆ. ನನ್ನ ಮಕ್ಕಳೂ ಅವರ ಜೊತೆಗೇ ಇದ್ದರು. ಇಂಗ್ಲಿಷ್ ಬೇಕು ಮಾರಾಯರೇ. ನನಗೆ ಪಾಲಿಕೆಯ ನೋಟಿಸು ಮರಾಠಿಯಲ್ಲಿ ಬರುತ್ತದೆ, ಆಹಾರ ಸುರಕ್ಷತೆಯ ಲೈಸನ್ಸು ಇಂಗ್ಲಿಷಿನಲ್ಲಿ, ಅಡುಗೆ ಭಟ್ಟರ ಸಿಟ್ಟು ತುಳುವಿನಲ್ಲಿ, ವೈಟರುಗಳ ರಜೆ ಬೇಡಿಕೆ ಭೋಜಪುರಿಯಲ್ಲಿ. ಇಷ್ಟರಲ್ಲಿ ನನ್ನನ್ನು ನಿಜವಾಗಿ ಮುಳುಗಿಸಬಲ್ಲದ್ದು ಇಂಗ್ಲಿಷ್ ಒಂದೇ. ಹೇಗೆಂದು ಹೇಳುತ್ತೇನೆ, ಇಲ್ಲಿ ಸ್ವಲ್ಪ ಹೊತ್ತು ಕೂರಿ.

ಊಟವನ್ನು ಮನೆಮನೆಗೆ ಮುಟ್ಟಿಸುವ ಒಂದು ಕಂಪನಿಯವರು ಬಂದರು. ಹೆಸರು ಬೇಡ. ಕೊರಳಿಗೆ ಐಡಿ ಕಾರ್ಡು ಹಾಕಿದ ಹುಡುಗ, ಇಸ್ತ್ರಿ ಹಾಕಿದ ಶರ್ಟು, ಬಹಳ ಮರ್ಯಾದಸ್ಥ. ಎಂಬಿಎ ಆಗಿದೆ, ಸಿಇಟಿಯಲ್ಲಿ ತೊಂಬತ್ತೆಂಟು ಪರ್ಸೆಂಟೈಲ್ ಬಂದಿತ್ತು ಎಂದು ಚಾ ಕುಡಿಯುತ್ತ ತಾನಾಗಿಯೇ ಹೇಳಿದ. ಅಂದರೆ ಸಾಹೇಬರೇ, ತಮ್ಮ ಜರಡಿಯಲ್ಲಿ ಸೋಸಿ ಬಂದ ಮಾಲು. ಅಗ್ರಿಮೆಂಟನ್ನು ಮುಂದಿಟ್ಟ. ಎರಡೂ ಮಗ್ಗುಲಿಗೆ ಅಚ್ಚಾದ ಕಾಗದದ ಕಂತೆ, ಅಕ್ಷರ ಸಾಸಿವೆ ಕಾಳಿಗಿಂತಲೂ ಸಣ್ಣ. ನಾನು ಕನ್ನಡಕ ಏರಿಸಿ ಬೆರಳಿಟ್ಟು ಓದುತ್ತ ಹೋದೆ. ನಡುವೆ ಒಂದು ಕಲಮು. ವಾಕ್ಯ ಶುರುವಾದದ್ದು ಪುಟದ ಮೇಲ್ಗಡೆ, ಮುಗಿದದ್ದು ಕೆಳಗಡೆ, ಅದರ ಹೊಟ್ಟೆಯೊಳಗೆ ಮೂರು ಕಡೆ ‘ಆದಾಗ್ಯೂ’.

“ಇದು ಏನು ಹೇಳುತ್ತದಪ್ಪ?” ಎಂದೆ.

“ಸ್ಟ್ಯಾಂಡರ್ಡ್ ಫಾರ್ಮ್ಯಾಟು ಅಂಕಲ್. ಈ ರೋಡಿನ ಹೋಟೆಲಿನವರೆಲ್ಲ ಸೈನ್ ಮಾಡಿದ್ದಾರೆ.”

“ಅದು ಸರಿ. ನೀನು ಓದಿದ್ದೀಯಾ?”

ಹುಡುಗ ನಕ್ಕ. ಕೆಟ್ಟ ನಗುವಲ್ಲ, ನಾನು ಏನೋ ತಮಾಷೆ ಮಾಡಿದೆನೆಂದು ನಕ್ಕದ್ದು. “ಅದನ್ನೆಲ್ಲ ಲೀಗಲ್ ಟೀಮಿನವರು ಓದುತ್ತಾರೆ ಅಂಕಲ್.”

ಕೊನೆಗೆ ನಾನೂ ಸಹಿ ಹಾಕಿದೆ. ಮೊದಲ ತಿಂಗಳ ಲೆಕ್ಕ ಬಂದಾಗ, ಅವರು ಗಿರಾಕಿಗಳಿಗೆ ಸಾರಿದ ರಿಯಾಯಿತಿಯಲ್ಲಿ ದೊಡ್ಡ ಪಾಲು ನನ್ನ ಖಾತೆಯಿಂದ ಕಡಿದಾಗಿತ್ತು. ಫೋನು ಮಾಡಿದರೆ ಅದೇ ಹುಡುಗ, “ಅಗ್ರಿಮೆಂಟಿನಲ್ಲಿ ಇದೆಯಂತೆ ಅಂಕಲ್” ಅಂದ. ‘ಇದೆ’ ಎನ್ನಲಿಲ್ಲ, ‘ಇದೆಯಂತೆ’ ಎಂದ. ಅವನಿಗೂ ಆಗಲೇ ಗೊತ್ತಾದದ್ದು. ಅವನ ಮೇಲೆ ನನಗೆ ಸಿಟ್ಟಿಲ್ಲ. ಕಾಗದದ ಕಂತೆ ಕೈಗೆ ಸಿಕ್ಕಿದರೆ ಬೇಕಾದ ಶಬ್ದದ ಹಿಂದಿನ ಸಾಲು, ಮುಂದಿನ ಸಾಲು ಮಾತ್ರ ನೋಡಿ ಮುಂದೆ ಓಡು ಎಂದು ಅವನಿಗೆ ಕಲಿಸಿದ್ದಾರೆ. ಆ ಕಲಿಕೆಗೆ ತಾವು ಅಂಕವನ್ನೂ ಕೊಟ್ಟಿದ್ದೀರಿ, ಅದರ ಮೇಲೆ ಕಂಪನಿ ಸಂಬಳವನ್ನೂ ಕೊಡುತ್ತಿದೆ. ಕಡಿತ ಮಾತ್ರ ನನಗೆ.

ಊಟ ಮುಟ್ಟಿಸುವ ಮಾತು ಬಂತೆಂದು ಹೇಳುತ್ತೇನೆ. ಈ ಊರಿನ ಡಬ್ಬಾವಾಲಾಗಳ ಬಗ್ಗೆ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನವರು 2010ರಲ್ಲಿ ಒಂದು ಪಾಠವನ್ನೇ ಬರೆದರು. ನಮ್ಮ ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲೂ ಡಬ್ಬಾವಾಲಾಗಳ ಲೆಕ್ಕಾಚಾರವನ್ನು ಬೋರ್ಡಿನ ಮೇಲೆ ಬರೆದು ವಿವರಿಸುತ್ತಾರಂತೆ. ತಮ್ಮ ಐವತ್ತು ಪ್ರಶ್ನೆಗಳು ಬಾಗಿಲಲ್ಲಿ ಇರುವ ತನಕ ಆ ಕ್ಲಾಸುಗಳಲ್ಲಿ ಡಬ್ಬಾವಾಲಾ ಪಾಠವಾಗಿ ಬರಬಹುದು, ವಿದ್ಯಾರ್ಥಿಯಾಗಿ ಬರುವ ಹಾಗಿಲ್ಲ.

ಹಾಗಾಗಿ ಒಂದು ಸೂಚನೆ. ಮುಂದಿನ ಪರೀಕ್ಷೆಗೆ ಟುಲಿಪ್ ಬೇಡ. ಆ ಅಗ್ರಿಮೆಂಟಿನ ಪ್ರತಿ ನನ್ನಲ್ಲಿದೆ, ಎಣ್ಣೆ ಕಲೆ ಆಗಿದೆ, ಅಚ್ಚು ಸರಿಯಾಗಿದೆ. ಅದರ ನಾಲ್ಕು ಪುಟ ಕೊಡಿ. ಇಲ್ಲವಾದರೆ ಬಾಡಿಗೆಗೆ ಮನೆ ಹಿಡಿಯುವಾಗ ಎಲ್ಲರೂ ಕಣ್ಣು ಮುಚ್ಚಿ ಸಹಿ ಹಾಕುವ ಲೀವ್ ಆಂಡ್ ಲೈಸನ್ಸ್ ಕಾಗದ ಕೊಡಿ, ಅಥವಾ ಹೌಸಿಂಗ್ ಸೊಸೈಟಿಯ ರೀಡೆವಲಪ್‌ಮೆಂಟಿಗೆ ಬಿಲ್ಡರನು ಬರೆದ ಪತ್ರ. ಅರ್ಧ ಗಂಟೆ ಹೊತ್ತು ಕೊಡಿ, ಡಿಕ್ಷನರಿಯನ್ನೂ ಕೊಡಿ. ಆಫೀಸಿನಲ್ಲಿ ಯಾರೂ ಕಸಿದುಕೊಳ್ಳುವುದಿಲ್ಲವಲ್ಲ. ಪ್ರಶ್ನೆ ಒಂದೇ ಇರಲಿ: ಈ ಕಾಗದದ ಪ್ರಕಾರ ನಷ್ಟವಾದರೆ ಯಾರ ತಲೆಗೆ, ಅದು ಯಾವ ಸಾಲಿನಲ್ಲಿದೆ? ಕೆಳಗೆ ಆಯ್ಕೆಗಳು ಬೇಡ. ಓದಿದ್ದು ಇಂಗ್ಲಿಷಾದರೆ ಸಾಕು, ಉತ್ತರವನ್ನು ಮರಾಠಿಯಲ್ಲೋ ಕನ್ನಡದಲ್ಲೋ ಉರ್ದುವಿನಲ್ಲೋ ನಾಲ್ಕು ಸಾಲು ಬರೆಯಲಿ. ಗಿರಾಕಿಗೆ ಅರ್ಥವಾಗುವ ಹಾಗೆ ಹೇಳಬಲ್ಲನೋ ಇಲ್ಲವೋ ಅಲ್ಲಿಯೇ ಗೊತ್ತಾಗುತ್ತದೆ.

ತಾವು ಏನು ಹೇಳುತ್ತೀರೆಂದು ನನಗೆ ಗೊತ್ತು. ಪರೀಕ್ಷೆ ಬರೆಯುವವರು ಲಕ್ಷದ ಮೇಲೆ, ಅಷ್ಟೂ ಉತ್ತರ ಯಾರು ತಿದ್ದುತ್ತಾರೆ, ಕಂಪ್ಯೂಟರಿಗೆ ಗುಂಡಿ ಒತ್ತಿದ್ದು ಮಾತ್ರ ತಿಳಿಯುತ್ತದೆ. ಒಪ್ಪಿದೆ. ಹಾಗಾದರೆ ಹಾಲ್ ಟಿಕೆಟಿನ ಮೇಲೆ ಅಷ್ಟನ್ನೇ ಅಚ್ಚು ಹಾಕಿಸಿ: ಈ ವಿಭಾಗದಲ್ಲಿ ಅಳೆಯುವುದು ಕಂಪ್ಯೂಟರಿನ ಅನುಕೂಲವನ್ನು. ನನ್ನ ಅಳಿಯನಿಗೂ ನೆಮ್ಮದಿ, ನನಗೂ ನೆಮ್ಮದಿ. ಅವನು ಈ ಸಲ ಪಾಸಾಗುತ್ತಾನೆ ಬಿಡಿ, ಪಟ್ಟಿಯಲ್ಲಿ ‘ಎಮ್’ ತನಕ ಬಂದಿದ್ದಾನೆ, ಗುಜರಾತಿಯನ್ನೂ ಮರಾಠಿಯನ್ನೂ ಹಿಂದೆ ಹಾಕಿದ್ದಾನೆ. ಪಾಸಾದ ಮೇಲೆ ಅವನಿಗೆ ಕೆಲಸ ಸಿಗುವುದು ಅಂಥದ್ದೇ ಕಂಪನಿಯಲ್ಲಿ. ಐಡಿ ಕಾರ್ಡು ಹಾಕಿಕೊಂಡು ನನ್ನ ಹೋಟೆಲಿಗೇ ಅಗ್ರಿಮೆಂಟು ತಂದರೂ ತರಬಹುದು. ಸಹಿ ಹಾಕುವ ಮೊದಲು ಪೂರ್ತಿ ಗಟ್ಟಿಯಾಗಿ ಓದಿಸುತ್ತೇನೆ, ಮಾವನಾದ ಮೇಲೆ ಅಷ್ಟು ಅಧಿಕಾರ ಉಂಟು.

ಪ್ರಶ್ನೆಪತ್ರಿಕೆ ತೆಗೆಯುವ ಸಮಿತಿಯಲ್ಲಿ ಜಾಗ ಖಾಲಿ ಇದ್ದರೆ ತಿಳಿಸಿ, ಸಂಭಾವನೆ ಬೇಡ. ಮಧ್ಯಾಹ್ನ 12ರಿಂದ 3ರ ತನಕ ಮಾತ್ರ ಕರೆಯಬೇಡಿ, ರೈಸ್ ಪ್ಲೇಟಿನ ಹೊತ್ತು.

ಇಂತಿ ತಮ್ಮ ವಿಶ್ವಾಸಿ,
ಗಲ್ಲಾದಲ್ಲಿ ಕೂತವನು

ತಾ.ಕ.: ಟುಲಿಪ್ ಗೆಡ್ಡೆ ಕೊಂಡವರ ಗತಿ ಏನಾಯಿತೆಂದು ತಮಗೆ ಗೊತ್ತಿದ್ದರೆ ದಯವಿಟ್ಟು ಬರೆಯಿರಿ. ಪ್ಯಾಸೇಜು ಅರ್ಧಕ್ಕೇ ಕಡಿದಿತ್ತು.